ಬಸರೀಕಟ್ಟೆಯ ಮೀನಿನ ತೊಟ್ಟಿ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕೊಪ್ಪ ಬಸ್ ನಿಲ್ದಾಣದ ಹಿಂದಿನ ಅಕ್ವೇರಿಯಂ ಅಂಗಡಿಯ ಕೌಂಟರಿನ ಮೇಲೆ ಸ್ಟೀಲ್ ಡಬ್ಬಿಯೊಂದು ಬಂದು ಕೂತಿತು. ಅದರಲ್ಲಿ ಹನ್ನೊಂದು ಸತ್ತ ಮೀನುಗಳಿದ್ದವು.

"ಇದೆಂತ ವ್ಯಾಪಾರ ಮಾರಾಯ್ತಿ ನಿಮ್ದು?"

ಅರ್ಪಿತಾ ತಲೆ ಎತ್ತಿದಳು. ಎದುರಿಗಿದ್ದವನ ಕಣ್ಣು ಕೆಂಪಾಗಿತ್ತು. ಸಿಟ್ಟಿಗೋ, ನಿದ್ದೆಗೆಟ್ಟೋ... ತಿಳಿಯಲಿಲ್ಲ.

"ಯಾರು ನೀವು?"

"ಬಸರೀಕಟ್ಟೆ ಯಶವಂತ. ಹೋದ ವಾರ ನಮ್ಮ ಜೀಪ್ ಡ್ರೈವರ್ ಬಂದು ತೊಟ್ಟಿ, ಮೀನು ಎಲ್ಲ ತಗೊಂಡು ಹೋಗಿದ್ದ. ಒಂದೂ ಉಳೀಲಿಲ್ಲ!"

"ನೀರು ಯಾವುದು? ನಲ್ಲಿದಾ?"

"ಗುಡ್ಡದಿಂದ ಬರೂದು. ನಾವು ಕುಡಿಯೂದೂ ಅದೇ. ನಾವು ಸತ್ತಿಲ್ವಲ್ಲ!"

ಅರ್ಪಿತಾಗೆ ನಗು ಬಂತು. ತಡೆದುಕೊಂಡಳು. ಆದರೆ ಅವನ ಮುಂದಿನ ಮಾತಿಗೆ ಆ ನಗು ಆರಿಹೋಯಿತು.

"ಅಪ್ಪ ತೀರಿಹೋದ ಮೇಲೆ ಅಮ್ಮ ಮಾತೇ ಬಿಟ್ಟಿದ್ರು. ಹೊಸಿಲು ದಾಟಿಲ್ಲ. ಈ ಮೀನು ಬಂದ ದಿನ ಒಂದು ವರ್ಷದ ಮೇಲೆ ಮಾತಾಡಿದ್ರು. ಇವತ್ತು ಮತ್ತೆ ಬಾಯಿ ಮುಚ್ಚಿದಾರೆ. ಕೊಟ್ಟ ದುಡ್ಡು ಯಾರಿಗೆ ಬೇಕು? ನಂಗೆ ಅಮ್ಮನ ಮಾತು ವಾಪಸ್ ಬೇಕು."

ಅರ್ಪಿತಾ ಡಬ್ಬಿಯ ಮುಚ್ಚಳ ಹಾಕಿದಳು. ಶೆಟರ್ ಎಳೆದು ಬೀಗ ಹಾಕಿದಳು.

"ಜೀಪ್ ಎಲ್ಲಿ ನಿಲ್ಲಿಸಿದೀರಿ?"

ಅದು 2006ರ ನವೆಂಬರ್. ಸೀತೂರಿನ ಅರ್ಪಿತಾ ಶಿವಮೊಗ್ಗದಲ್ಲಿ ಬಿಎಸ್ಸಿ ಮುಗಿಸಿ, ಅಣ್ಣ ರಾಕೇಶನ ಹೆಸರಿನಲ್ಲಿದ್ದ ಮಳಿಗೆಯಲ್ಲಿ ಈ ಅಂಗಡಿ ತೆರೆದಿದ್ದಳು. ರಾಕೇಶನಿಗೆ ಅಲ್ಲಿ ಮೊಬೈಲ್ ಅಂಗಡಿ ಇಡುವ ಆಸೆ. "ಮಾರ್ಚ್ ತನಕ ನೋಡ್ತೀನಿ. ಆಮೇಲೆ ನಿನ್ನ ಮೀನಿಗೆ ಹಳ್ಳವೇ ಗತಿ" ಎಂದಿದ್ದ. ಶೃಂಗೇರಿಯ ಲಾಡ್ಜೊಂದು ತನ್ನ ಹಜಾರಕ್ಕೆ ಅವಳಿಂದ ದೊಡ್ಡ ತೊಟ್ಟಿಯೊಂದನ್ನು ಬಾಡಿಗೆಗೆ ಇಡಿಸಿಕೊಂಡಿತ್ತು. ಆ ಬಾಡಿಗೆ ನಿಂತರೆ ಅಂಗಡಿಯೂ ನಿಲ್ಲುತ್ತಿತ್ತು.

ಬಸರೀಕಟ್ಟೆಯ ಮನೆಯಲ್ಲಿ ಯಶವಂತನ ಅಮ್ಮ ರಾಧಮ್ಮ ಮೀನಿಲ್ಲದ ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಅರ್ಪಿತಾ ಥರ್ಮಾಮೀಟರ್ ಅದ್ದಿದಳು. ಹದಿನೆಂಟು ಡಿಗ್ರಿ.

"ಕರೆಂಟ್ ಇರ್ಲಿಲ್ವಾ?"

"ಲೈನಿನ ಮೇಲೆ ಮರ ಬಿದ್ದು ಮೂರು ದಿನ ಇರ್ಲಿಲ್ಲ, ಈಗಷ್ಟೇ ಬಂದಿದೆ" ಎಂದ ಯಶವಂತ.

"ಇವು ಬಿಸಿ ದೇಶದ ಮೀನು. ಇಪ್ಪತ್ತೈದು ಡಿಗ್ರಿಯಾದ್ರೂ ಬೇಕು. ಹೀಟರ್ ನಿಂತಿದೆ, ಚಳಿಗೆ ಹೋಗಿವೆ."

ತಳದ ಮರಳಿನಲ್ಲಿ ಬಸವನಹುಳುಗಳೂ ಸತ್ತು ಬಿದ್ದಿದ್ದವು. ಚಳಿಗೆ ಇಷ್ಟು ಬೇಗ ಅವು ಸಾಯುವುದಿಲ್ಲ ಎಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವಳು ರಾಧಮ್ಮನ ಮುಂದೆ ಮಂಡಿಯೂರಿ ಕೂತಳು. "ಅಮ್ಮಾ, ಮತ್ತೆ ಮೀನು ತರ್ತೀನಿ. ಕರೆಂಟ್ ಹೋದ್ರೆ ನೀರು ತಣ್ಣಗಾಗದ ಹಾಗೆ ನೋಡ್ಕೊಳ್ತೀರಾ?"

ರಾಧಮ್ಮ ನಿಧಾನವಾಗಿ ತಲೆಯಾಡಿಸಿದರು.

ಹೇಗೆ ನೋಡಿಕೊಳ್ಳಬೇಕೆಂದು ಅರ್ಪಿತಾ ಹೇಳಲಿಲ್ಲ. ಅಲ್ಲಿಂದಲೇ ಎಲ್ಲ ತಪ್ಪಿತು.

ಅವಳು ತೊಟ್ಟಿ ತೊಳೆದು ಹೊಸ ನೀರು ತುಂಬಿಸಿದಳು. ಹತ್ತು ದಿನ ಬರೀ ಫಿಲ್ಟರ್ ಓಡಲು ಬಿಟ್ಟು, ಆಮೇಲಷ್ಟೇ ಬೆರಳುದ್ದದ ನಾಲ್ಕು ಗೌರಾಮಿ ಮೀನು ತಂದಳು. ನಂತರ ಮಿನುಗುವ ಪುಟ್ಟ ನಿಯಾನ್ ಟೆಟ್ರಾ ಮೀನುಗಳನ್ನೂ ಒಂದಿಷ್ಟು ಬಸವನಹುಳುಗಳನ್ನೂ ಬಿಟ್ಟಳು. ಭಾನುವಾರಗಳಂದು ನೀರು ಬದಲಿಸಲು ಬಂದಳು. ಬಸ್ಸಿದ್ದರೂ ಯಶವಂತನ ಜೀಪ್ ಅವಳನ್ನು ಕರೆತರಲು ಕೊಪ್ಪಕ್ಕೆ ಹೋಗುತ್ತಿತ್ತು. ಡ್ರೈವರಿಗೆ ಭಾನುವಾರ ರಜೆ, ಅದಕ್ಕೇ ತಾನೇ ಬಂದೆ ಎಂದು ಯಶವಂತ ಹೇಳುತ್ತಿದ್ದ.

"ನಿಮ್ಮ ಡ್ರೈವರಿಗೆ ಮುಂಚೆ ಶುಕ್ರವಾರ ರಜೆ ಇತ್ತಂತೆ?" ಎಂದು ಒಂದು ದಿನ ಅರ್ಪಿತಾ ಕೇಳಿದಳು.

"ಯಾರು ಹೇಳಿದ್ದು?"

"ಡ್ರೈವರ್ರೇ."

ಯಶವಂತ ಬಸರೀಕಟ್ಟೆ ಬರುವವರೆಗೂ ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ! ಅವಳು ಕಿಟಕಿಯತ್ತ ತಿರುಗಿ ನಕ್ಕಳು. 'ಇವನಿಗೆ ಸುಳ್ಳು ಹೇಳಲೂ ಬರುವುದಿಲ್ಲ...'

ರಾಧಮ್ಮನ ಮಾತು ಮರಳಿತ್ತು.

"ಈ ದೊಡ್ಡ ಗೌರಾಮಿ ಥೇಟ್ ನನ್ನ ನಾದಿನಿ. ಯಾವಾಗ ನೋಡಿದ್ರೂ ಮುಖ ಊದಿಸ್ಕೊಂಡೇ ಇರ್ತದೆ."

"ಅತ್ತೆಗೆ ಹೇಳ್ಲಾ ಅಮ್ಮಾ?" ಎನ್ನುತ್ತಿದ್ದ ಯಶವಂತ.

"ಹೇಳು. ಅವಳು ಬಂದು ಜಗಳ ಮಾಡ್ದೆ ವರ್ಷ ಆಯ್ತು."

ಅರ್ಪಿತಾ ನಗುವಾಗ ಯಶವಂತ ಅವಳನ್ನೇ ನೋಡುತ್ತಿದ್ದ. ಅವಳು ನೋಡಿದರೆ ತೊಟ್ಟಿ ನೋಡುತ್ತಿದ್ದ.

ಜನವರಿಯಲ್ಲಿ ಹಗಲಿನ ಲೋಡ್ ಶೆಡ್ಡಿಂಗ್ ಶುರುವಾಯಿತು. ಕಾಫಿ ಕೊಯ್ಲಿನ ಕಾಲ, ಯಶವಂತ ಮಧ್ಯಾಹ್ನ ಮನೆಯಲ್ಲಿರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನ ಫೋನ್ ಬಂತು. ಧ್ವನಿ ಒಣಗಿತ್ತು.

"ಮೊದ್ಲು ಹುಳು ಸತ್ತವು. ಆಮೇಲೆ ಟೆಟ್ರಾ. ಈಗ ಗೌರಾಮಿ ಮೇಲೆ ಬಂದು ಏದುಸಿರು ಬಿಡ್ತಿವೆ."

"ಥರ್ಮಾಮೀಟರ್ ಎಷ್ಟು ತೋರಿಸ್ತದೆ?"

"ಇಪ್ಪತ್ತೈದು."

ನೀರು ಬೆಚ್ಚಗಿದೆ. ಆದರೂ ಸಾಯುತ್ತಿವೆ... ಯಾಕೆ?

ಅವಳು ಜೀಪಿಗೆ ಕಾಯಲಿಲ್ಲ. ಸಿಕ್ಕಿದ ಬಸ್ ಹತ್ತಿದಳು. ಬಸರೀಕಟ್ಟೆ ಮುಟ್ಟಿದಾಗ ಕರೆಂಟ್ ಹೋಗಿತ್ತು, ಮನೆಯ ಬಾಗಿಲು ತೆರೆದಿತ್ತು.

ರಾಧಮ್ಮ ಬಚ್ಚಲಿನಿಂದ ಬರುತ್ತಿದ್ದರು. ಕೈಯಲ್ಲಿ ಹಬೆಯಾಡುವ ಚೊಂಬು. ತೊಟ್ಟಿಯಿಂದ ಒಂದು ಚೊಂಬು ತಣ್ಣೀರು ತೆಗೆದು ಬಕೆಟ್ಟಿಗೆ ಸುರಿದರು. ತಂದಿದ್ದ ನೀರನ್ನು ಬೆರಳಿನಿಂದ ಮುಟ್ಟಿ ನೋಡಿ, ಕೂಸಿಗೆ ಮೀಯಿಸುವಷ್ಟು ಹದವಾಗಿ ಅಂಚಿನಿಂದ ಇಳಿಬಿಟ್ಟರು.

"ಅಮ್ಮಾ... ಎಲ್ಲಿಯ ನೀರು ಅದು?"

"ಹಂಡೇದು ಮಗಾ. ನೀನೇ ಹೇಳಿದ್ದಲ್ಲ, ತಣ್ಣಗಾಗೂದು ಬೇಡ ಅಂತ? ಮೊದ್ಲ ಸಲ, ಮರ ಬಿದ್ದು ಕರೆಂಟ್ ಹೋದಾಗ, ನಾನು ಬರೀ ಎರಡು ಚೊಂಬು ಹಾಕಿದ್ದು. ಸಾಲ್ಲಿಲ್ಲ ಪಾಪ. ಈ ಸಲ ಕರೆಂಟ್ ಹೋದಾಗೆಲ್ಲ ಹಾಕ್ತಾನೇ ಇದೀನಿ. ಆದ್ರೂ ಹಿಂಗಾಗ್ತಿದೆ."

ಅರ್ಪಿತಾ ಬಚ್ಚಲಿಗೆ ನಡೆದಳು. ಒಲೆಯ ಮೇಲೆ ತಾಮ್ರದ ದೊಡ್ಡ ಹಂಡೆ. ಹೊರಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೊಳಪು. ಒಳಗೆ, ನೀರಿನ ಮಟ್ಟದ ಸುತ್ತ, ಹಸಿರು ಕಿಲುಬು.

ಅವಳು ಆ ಕಿಲುಬನ್ನು ಬೆರಳಿನಿಂದ ಕೆರೆದು ನೋಡಿದಳು.

ಸೀತೂರಿನಲ್ಲಿ ಅಪ್ಪ ತೋಟಕ್ಕೆ ಮೈಲುತುತ್ತದ ಔಷಧಿ ಹೊಡೆದು ಬಂದು ಡ್ರಮ್ಮು ತೊಳೆದರೆ, ಕೆಳಗಿನ ಹಳ್ಳದಲ್ಲಿ ಮೀನು ತೇಲುತ್ತಿದ್ದವು. ಮೈಲುತುತ್ತವೂ ತಾಮ್ರವೇ. ಈ ಕಡೆಯ ನೀರು ಮೆದು, ಸುಣ್ಣದ ಅಂಶ ಕಡಿಮೆ. ಇಂಥ ನೀರಿನಲ್ಲಿ ತಾಮ್ರ ಮೀನಿಗೆ ಇನ್ನೂ ಘೋರ. ರಾತ್ರಿಯಿಡೀ ಹಂಡೆಯಲ್ಲಿ ಬಿಸಿಯಾಗಿ ನಿಂತ ನೀರು ಚೊಂಬು ಚೊಂಬಾಗಿ ತೊಟ್ಟಿ ಸೇರಿತ್ತು. ಮೀನಿಗಿಂತ ಬಸವನಹುಳುಗಳಿಗೆ ತಾಮ್ರ ಬೇಗ ತಟ್ಟುತ್ತದೆ, ಅವು ಮೊದಲು ಸತ್ತದ್ದು ಅದಕ್ಕೇ.

'ನಾನೇ ಹೇಳಿದ್ದು. ಹೇಗೆ ಅಂತ ಹೇಳದೆ ಹೋದದ್ದೂ ನಾನೇ...'

ಹೊರಗೆ ಬಂದು ರಾಧಮ್ಮನ ಕೈಯಿಂದ ಚೊಂಬು ತೆಗೆದಿಟ್ಟಳು. "ಅಮ್ಮಾ, ಇನ್ನು ಹಂಡೆ ನೀರು ಮಾತ್ರ ಬೇಡ. ಕರೆಂಟ್ ಹೋದ್ರೆ ತೊಟ್ಟಿಗೆ ಕಂಬಳಿ ಹೊದಿಸಿ, ಸಾಕು. ಅಷ್ಟು ಬೇಗ ತಣ್ಣಗಾಗೂದಿಲ್ಲ."

ರಾಧಮ್ಮನ ಮುಖ ಬಿಳಚಿತು. "ಹಂಗಾದ್ರೆ... ನಾನು ಹಾಕಿದ ನೀರಿಂದ್ಲೇ...?"

ಆ ತುಟಿ ನಡುಗಿದ್ದನ್ನು ಅರ್ಪಿತಾ ನೋಡಿದಳು. ಈ ಬಾಯಿ ಮತ್ತೆ ಮುಚ್ಚಿದರೆ ಇನ್ನೆಂದೂ ತೆರೆಯಲಾರದು ಎನ್ನಿಸಿತು.

"ಅಯ್ಯೋ, ಇಲ್ಲಮ್ಮಾ! ಮೀನಿಗೇ ಕಾಯಿಲೆ ಇತ್ತು. ಅಂಗಡಿಯಲ್ಲೇ ಇತ್ತು. ನಂಗೆ ಗೊತ್ತಿತ್ತು... ಆದ್ರೂ ಕೊಟ್ಟೆ."

"ಗೊತ್ತಿತ್ತಾ?"

ಬಾಗಿಲಲ್ಲಿ ಯಶವಂತ ನಿಂತಿದ್ದ. ತೋಟದಿಂದ ಓಡಿ ಬಂದವನ ಎದೆ ಏರಿಳಿಯುತ್ತಿತ್ತು.

"ಗೊತ್ತಿದ್ದೂ ನಮ್ಮಮ್ಮಂಗೆ ಕಾಯಿಲೆ ಮೀನು ಕೊಟ್ರಾ?"

ಅರ್ಪಿತಾ ಒಮ್ಮೆ ರಾಧಮ್ಮನನ್ನು ನೋಡಿದಳು. "ಹೌದು" ಎಂದಳು.

"ಭಾನುವಾರ ಭಾನುವಾರ ಬಂದು, ನಮ್ಮನೇಲಿ ಉಂಡು, ನಕ್ಕೊಂಡು... ಥೂ! ಹೋಗಿ ಮಾರಾಯ್ತಿ. ಈ ಹೊಸಿಲಿಗೆ ಇನ್ನು ಬರಬೇಡಿ."

ಅವಳು ಹೋದಳು. ಬಸ್ಸಿನಲ್ಲಿ ಕೊಪ್ಪದವರೆಗೂ ಅಳಲಿಲ್ಲ. ಅಂಗಡಿಯ ಶೆಟರ್ ಒಳಗಿನಿಂದ ಎಳೆದುಕೊಂಡ ಮೇಲೆ ಅತ್ತಳು.

ಶೃಂಗೇರಿ ಲಾಡ್ಜಿನ ಮ್ಯಾನೇಜರ್ ವೆಂಕಟಯ್ಯ, ಯಶವಂತನ ದೂರದ ಸಂಬಂಧಿ. ಸುದ್ದಿ ಅಲ್ಲಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. 'ತೊಟ್ಟಿ ತೆಗೆದುಕೊಂಡು ಹೋಗಿ' ಎಂಬ ಫೋನ್ ಬಂತು. ರಾಕೇಶ ಮಾರ್ಚ್‌ವರೆಗೆ ಕಾಯಲಿಲ್ಲ.

"ಕಾಯಿಲೆ ಮೀನು ಮಾರ್ತಾಳೆ ಅಂತ ಊರೆಲ್ಲ ಹೇಳ್ತದೆ. ನಿಜವಾ?"

ಅರ್ಪಿತಾ ತೊಟ್ಟಿಯ ಗಾಜು ಒರೆಸತೊಡಗಿದಳು. ನಿಜ ಹೇಳಿದರೆ ಅದು ಬಸರೀಕಟ್ಟೆಗೂ ಮುಟ್ಟುತ್ತದೆ.

"ಹಂಗಾದ್ರೆ ಮುಚ್ಚು."

ಬಸರೀಕಟ್ಟೆಯಲ್ಲಿ ಯಶವಂತ ಖಾಲಿ ತೊಟ್ಟಿಯನ್ನು ತೊಳೆದು ಅಟ್ಟಕ್ಕೆ ಹಾಕಲು ಹೊರಟಿದ್ದ. ಬಚ್ಚಲಿನಿಂದ ಬಿಸಿನೀರು ತಂದಾಗ ರಾಧಮ್ಮ ತಡೆದರು.

"ಹಂಡೆ ನೀರು ಬೇಡ. ಮತ್ತೆಂದಾದ್ರೂ ಮೀನು ಬಿಟ್ರೆ? ಆ ಹುಡುಗಿ ಹೇಳಿದಾಳೆ, ಹಂಡೆ ನೀರು ಮಾತ್ರ ಬೇಡ ಅಂತ."

"ಕಾಯಿಲೆ ಇದ್ದದ್ದು ಮೀನಿಗೆ. ಹಂಡೆ ನೀರು ಎಂತ ಮಾಡ್ತು?"

ಕೇಳಿದವನೇ ತಡೆದು ನಿಂತ. ಬಕೆಟ್ ಕೆಳಗಿಟ್ಟು ಬಚ್ಚಲಿಗೆ ಹೋಗಿ ಹಂಡೆಯೊಳಗೆ ಟಾರ್ಚ್ ಬಿಟ್ಟ. ಕಾಫಿಗೆ, ಅಡಿಕೆಗೆ ವರ್ಷವರ್ಷವೂ ಮೈಲುತುತ್ತ ಕಲಸಿದ ಕೈ ಅವನದು. ಆ ಹಸಿರನ್ನು ಯಾರೂ ಅವನಿಗೆ ವಿವರಿಸಬೇಕಾಗಿರಲಿಲ್ಲ.

ಹಿಂತಿರುಗಿದರೆ ಅಮ್ಮ ಬಚ್ಚಲ ಬಾಗಿಲಲ್ಲೇ ಇದ್ದರು. ಅವನು ಟಾರ್ಚ್ ಆರಿಸಿದ.

"ಎಂತದೂ ಇಲ್ಲಮ್ಮ."

"ನಿಂಗೆ ಸುಳ್ಳು ಹೇಳೂಕೆ ಬರೂದಿಲ್ಲ" ಎಂದರು ರಾಧಮ್ಮ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಅವಳಿಗೆ ಬರ್ತದೆ. ನನಗೋಸ್ಕರ ಹೇಳಿದಾಳೆ. ಜೀಪ್ ತೆಗಿ."

"ಇವತ್ತು ಶೃಂಗೇರೀಲಿ ತೊಟ್ಟಿ ತೆಗೀತಿದಾರಂತೆ. ನಾನು ಹೋಗಿ ಬರ್ತೀನಿ, ನೀವು..."

"ಜೀಪ್ ತೆಗಿ ಅಂದೆ."

ಶೃಂಗೇರಿಯ ಲಾಡ್ಜಿನ ಹಜಾರದಲ್ಲಿ ಅರ್ಪಿತಾ ಪೈಪ್ ಇಟ್ಟು ತೊಟ್ಟಿಯ ನೀರು ಇಳಿಸುತ್ತಿದ್ದಳು. ತಳದಲ್ಲಷ್ಟೇ ನೀರು ಉಳಿದಿತ್ತು. ಮೀನು ತುಂಬಿದ ಪ್ಲಾಸ್ಟಿಕ್ ಕವರುಗಳು ಬೆಂಚಿನ ಮೇಲೆ ಸಾಲಾಗಿದ್ದವು.

"ವೆಂಕಟಯ್ಯ ಮಾವ!" ಯಶವಂತನ ಧ್ವನಿಗೆ ಅವಳ ಕೈಯಿಂದ ಪೈಪ್ ಜಾರಿತು. "ನಾನು ಹೇಳಿದ್ದು ತಪ್ಪು. ಇವರ ಮೀನಿಗೆ ಕಾಯಿಲೆ ಇರ್ಲಿಲ್ಲ. ತಪ್ಪಾಗಿದ್ದು ನಮ್ಮನೆ..."

"ಸುಮ್ನಿರಿ!" ಅರ್ಪಿತಾ ಅವನ ಎದುರಿಗೆ ಬಂದು ನಿಂತಳು. ಧ್ವನಿ ತಗ್ಗಿಸಿದಳು. "ಅಮ್ಮಂಗೆ ಗೊತ್ತಾಗ್ತದೆ. ನಿಮಗೆ ತಲೆ ಇಲ್ವಾ?"

"ಗೊತ್ತಾಗಿದೆ ಮಗಾ."

ರಾಧಮ್ಮ ಬಾಗಿಲಲ್ಲಿದ್ದರು. ಜೀಪಿನ ಧೂಳು ಸೀರೆಗೆಲ್ಲ ಮೆತ್ತಿತ್ತು. ಅವರು ನಡೆದು ಬಂದು ಅರ್ಪಿತಾಳ ಒದ್ದೆ ಕೈ ಹಿಡಿದರು.

"ಸತ್ತ ಮೀನಿಗೆ ದಾರಿಯಲ್ಲೇ ಅತ್ತು ಮುಗಿಸ್ದೆ. ನನ್ನ ಉಳಿಸೂಕೆ ಹೋಗಿ ನಿನ್ನ ಅಂಗಡಿ ಹಾಳು ಮಾಡ್ಕೊಂಡ್ಯಲ್ಲೆ! ನಾನೇನು ಅಷ್ಟು ಮೆದು ಅಂದ್ಕೊಂಡ್ಯಾ?"

ಅರ್ಪಿತಾ ಬಾಗಿ, ಅವರ ಹೆಗಲಿಗೆ ಹಣೆ ಹಚ್ಚಿದಳು. ರಾಧಮ್ಮ ಬೆನ್ನು ಸವರಿ, ಕವರುಗಳಿದ್ದ ಬೆಂಚಿನ ತುದಿಗೆ ಹೋಗಿ ಕೂತರು.

ಯಶವಂತ ನಿಂತೇ ಇದ್ದ.

"ಒಂದು ಮಾತು ಕೇಳಬಹುದಿತ್ತು ನೀವು" ಎಂದಳು ಅರ್ಪಿತಾ.

"ಕೇಳಿದ್ರೆ ನಿಜ ಹೇಳ್ತಿದ್ರಾ?"

"...ಇಲ್ಲ."

"ಆದ್ರೂ ಕೇಳಬೇಕಿತ್ತು. ಥೂ ಅನ್ನಬಾರದಿತ್ತು." ಅವನು ಬಿದ್ದಿದ್ದ ಪೈಪ್ ಎತ್ತಿ ಸುರುಳಿ ಸುತ್ತಿದ. "ಹೊಸಿಲಿಗೆ ಬರಬೇಡಿ ಅಂದೆ. ಆಮೇಲೆ ಭಾನುವಾರ ಬೆಳಿಗ್ಗೆ ಜೀಪ್ ಸ್ಟಾರ್ಟ್ ಮಾಡಿ, ಹೋಗೂದೆಲ್ಲಿಗೆ ಅಂತ ಗೊತ್ತಿಲ್ದೆ ಕೂತಿದ್ದೆ. ನೀವು ಬೇಕು ಅರ್ಪಿತಾ. ನೀರು ಬದಲಿಸೂಕಲ್ಲ."

ಅವಳು ಒದ್ದೆ ಕೈ ಒರೆಸಿಕೊಂಡಳು.

"ನಂಗೆ ಇನ್ನೂ ಸಿಟ್ಟಿದೆ."

"ಇರ್ಲಿ."

"ಬೇಗ ಹೋಗೂದಿಲ್ಲ ಅದು."

"ಕಾಯ್ತೀನಿ. ಎಷ್ಟು ದಿನ ಆದ್ರೂ."

"ನಿಂತ್ಕೊಂಡೇ ಕಾಯ್ತೀರಾ? ಬನ್ನಿ, ಆ ತುದಿ ಹಿಡ್ಕೊಳ್ಳಿ. ಗಾಜು, ನಿಧಾನ..."

ವೆಂಕಟಯ್ಯ ಎಲ್ಲ ಕೇಳಿಸಿಕೊಂಡರೂ ತೊಟ್ಟಿಯನ್ನು ಮತ್ತೆ ಇಡಿಸಿಕೊಳ್ಳಲಿಲ್ಲ. ಮಾಲೀಕರು ಬೇಡವೆಂದಿದ್ದರು. ಸಂಜೆ ಅದು ಯಶವಂತನ ಜೀಪಿನಲ್ಲಿ ಕೊಪ್ಪಕ್ಕೆ ಹೋಯಿತು. ರಾಧಮ್ಮ ಹಿಂದಿನ ಸೀಟಿನಲ್ಲಿ ಮೀನಿನ ಕವರುಗಳನ್ನು ಮಡಿಲಲ್ಲಿಟ್ಟುಕೊಂಡು, ಸೆರಗು ಹೊದಿಸಿ ಕೂತಿದ್ದರು. ಅಂಗಡಿಯ ಮುಂದೆ ಜೀಪ್ ನಿಂತಾಗ, ರಾಕೇಶನ ಹತ್ತಿರ ಮೊದಲು ಹೋಗಿ, "ತಪ್ಪು ನಂದು ಮಗಾ, ಅಂಗಡಿ ಮುಚ್ಚಿಸಬೇಡ" ಎಂದು ಮಾತಾಡಿದವರು ಅವರೇ.