ತಲೆ ಎಣಿಸಿದ ಸಂಜೆ

“ಬೇರೆ ಏನು ಬೇಕಾದ್ರೂ ಮಾಡಿ ಸಾರ್, ಈ ಗೋಡೆ ಒಳಗೆ ನಿಂತು ತಲೆ ಮಾತ್ರ ಎಣಿಸಬೇಡಿ,” ಎಂದ ತಾತ, ಹಿತ್ತಾಳೆ ಬಿಲ್ಲೆಗಳ ಡಬ್ಬಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳುತ್ತಾ. “ಒಳಗೆ ಹೋಗೋರಿಗೆ ಒಂದೊಂದು ಕೊಡಿ. ಆಚೆ ಬರುವಾಗ ಇಸ್ಕೊಳ್ಳಿ. ಅಷ್ಟೇ. ಬಾಯಿಬಿಟ್ಟು ಒಂದು ಎರಡು ಅನ್ನಬೇಡಿ.”

“ಯಾಕೆ ತಾತ, ದೆವ್ವಕ್ಕೆ ಮಗ್ಗಿ ಬರಲ್ವಾ?”

“ಬರುತ್ತೆ ಸಾರ್. ನಮಗಿಂತ ಚೆನ್ನಾಗಿ ಬರುತ್ತೆ.”

ಮೈಕು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಗಂಟಲು ದೊಡ್ಡದು, ಅದಕ್ಕೇ ಎಲ್ಲರೂ ಮೈಕು ಅನ್ನುತ್ತಿದ್ದರು. ಆ ಗಂಟಲನ್ನೇ ನಂಬಿ ಟೂರ್ ಕಂಪನಿಯವರು ಅವನನ್ನು ಹಳೇ ಜೈಲಿನ ‘ದೆವ್ವದ ಟೂರ್’ಗೆ ಗೈಡ್ ಮಾಡಿದ್ದರು. ಇವತ್ತು ಮೊದಲ ದಿನ. ಇದಕ್ಕೆ ಮುಂಚಿನ ಮೂರು ಕೆಲಸ ಕೈಬಿಟ್ಟು ಹೋಗಿದ್ದವು, ಇದನ್ನು ಬಿಡುವ ಹಾಗಿರಲಿಲ್ಲ. ತಾತ ಅಲ್ಲಿಯ ಕಾವಲುಗಾರ. ಜೈಲು ನಡೆಯುತ್ತಿದ್ದ ಕಾಲಕ್ಕೆ ವಾರ್ಡರ್ ಆಗಿದ್ದವನು, ಜೈಲು ಮುಚ್ಚಿದರೂ ಬೀಗದ ಕೈ ಬಿಟ್ಟಿರಲಿಲ್ಲ.

“ಹೇಳಿ ತಾತ, ಏನು ಕತೆ? ನನಗೂ ಜನಕ್ಕೆ ಹೇಳೋಕೆ ಸರಕು ಬೇಕು.”

ತಾತ ದನಿ ತಗ್ಗಿಸಿ ಹೇಳಿದ. ಅವನಿಗೂ ಮುಂಚಿನ ಕಾಲದ ಮಾತು. ಒಂದು ಸಂಜೆ ಖೈದಿಯೊಬ್ಬ ತಪ್ಪಿಸಿಕೊಂಡ. ಬೀಗ ಹಾಕುವ ಹೊತ್ತಿಗೆ ತಲೆ ಕಡಿಮೆ ಬಂದರೆ ಹೆಡ್ ವಾರ್ಡರನ ನೌಕರಿ ಹೋಗುತ್ತಿತ್ತು. ಜೈಲಿನಲ್ಲಿದ್ದ ತನ್ನ ಅಣ್ಣನಿಗೆ ಬಟ್ಟೆ ಕೊಡಲು ಬಂದಿದ್ದ ಒಬ್ಬ ಬಡಪಾಯಿಯನ್ನು ಅವನು ಒಳಗೆಳೆದು, ಓಡಿಹೋದವನ ನಂಬರು ತೊಡಿಸಿ ಕೂರಿಸಿದ. ಲೆಕ್ಕ ಸರಿಹೋಯಿತು. ಹುಡುಗ ಗೇಟಿನ ಕಡೆ ಕೈಚಾಚಿ ಕೂಗಿ ಕೂಗಿ ಆರು ತಿಂಗಳಿಗೆ ಸತ್ತ. ಹಿಂದಿನ ಸ್ಮಶಾನದಲ್ಲಿ ಅದೇ ಸುಳ್ಳು ನಂಬರಿನ ಕಲ್ಲಿನಡಿ ಮಣ್ಣಾದ. ಅವನ ತಾಯಿ ಮಾಟ ಬಲ್ಲವಳು. ಒಂದು ಕಬ್ಬಿಣದ ಬೀಗಕ್ಕೆ ತನ್ನ ಕೂದಲು ಸುತ್ತಿ, ಏಳು ಗಂಟು ಹಾಕಿ, ಬೆರಳು ಕೊಯ್ದು ರಕ್ತ ಹಚ್ಚಿ, ಜೈಲಿನ ಬಾವಿಗೆ ಎಸೆದಳಂತೆ. ‘ಇಲ್ಲಿ ತಲೆ ಎಣಿಸಿದವರ ಲೆಕ್ಕ ಎಂದೂ ಸರಿಹೋಗದಿರಲಿ. ಸರಿಮಾಡಲು ಹೊರಟವರು ನನ್ನ ಹೊಟ್ಟೆಯ ಉರಿ ಉಣ್ಣಲಿ.’

“ಎಣಿಸಿದರೆ ಒಂದು ತಲೆ ಜಾಸ್ತಿ ಬರುತ್ತೆ ಸಾರ್. ಬಿಲ್ಲೆ ಇದ್ದರೆ ಬಿಲ್ಲೆ ಇಲ್ಲದ್ದು ಯಾವುದು ಅಂತ ಗೊತ್ತಾಗುತ್ತೆ. ಇಲ್ಲದಿದ್ದರೆ ಕಣ್ಣಲ್ಲಿ ಹುಡುಕಬೇಕು. ಕಣ್ಣಲ್ಲಿ ಸರಿಯಾಗಿ ಹುಡುಕಿದೋರನ್ನ ನಾನಂತೂ ನೋಡಿಲ್ಲ.”

“ಸೂಪರ್ ತಾತ! ಕ್ಲೈಮ್ಯಾಕ್ಸ್ ಸಿಕ್ಕಿತು!” ಎಂದ ಮೈಕು. ಬಿಲ್ಲೆಯ ಡಬ್ಬಿ ಮೇಜಿನ ಮೇಲೇ ಉಳಿಯಿತು.

ಸಂಜೆ ಐದೂವರೆಗೆ ಜನ ಬಂದರು. ಹೊಸದಾಗಿ ಮದುವೆಯಾದ ಜೋಡಿ, ಕೈಕೈ ಹಿಡಿದುಕೊಂಡೇ ಕಿಸಿಕಿಸಿ ನಗುವ ಮೂವರು ಕಾಲೇಜು ಹುಡುಗಿಯರು, ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಒಂದೇ ಆಫೀಸಿನ ನಾಲ್ವರು. ಹನ್ನೊಂದು. ಹನ್ನೆರಡನೆಯವಳು ಮೈಕುವಿನ ಅಕ್ಕ. ಅಮ್ಮ ಹೋದ ಮೇಲೆ ಅವನಿಗೆ ತಲೆ ಬಾಚಿ, ಫೀಸು ಕಟ್ಟಿ, ಬೈದು ಬೆಳೆಸಿದವಳು. ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿದ್ದಳು. ಭಾವ ನಾಲ್ಕು ವರ್ಷದ ಪಾಪುವನ್ನು ಇಟ್ಟುಕೊಂಡು ರಸ್ತೆಯಾಚೆ ಕಾರಿನಲ್ಲಿ ಕಾಯುತ್ತಿದ್ದ.

“ಬೇಗ ಮುಗಿಸೋ ಪುಟ್ಟಾ, ಪಾಪುಗೆ ಹಸಿವಾಗುತ್ತೆ,” ಎಂದಳು ಅಕ್ಕ. “ಮತ್ತೆ, ಜಾಸ್ತಿ ಕಿರುಚಬೇಡ. ದೆವ್ವನೇ ಹೆದರಿ ಓಡಿಹೋದೀತು.”

ಒಳಗೆ ಒದ್ದೆ ಸುಣ್ಣದ ವಾಸನೆ, ಬಾವಲಿ ಹಿಕ್ಕೆಯ ಘಾಟು. ತುಕ್ಕುಹಿಡಿದ ಸರಳುಗಳನ್ನು ಮುಟ್ಟಿದರೆ ಕೈಗೆ ರಕ್ತದಂಥ ವಾಸನೆ ಅಂಟುತ್ತಿತ್ತು. ಸ್ಮಶಾನದಲ್ಲಿ ಮೊಣಕಾಲೆತ್ತರದ ಕಲ್ಲುಗಳು, ಹೆಸರಿಲ್ಲ, ನಂಬರು ಮಾತ್ರ. ಮೈಕು ಹುರುಪಿನಲ್ಲಿದ್ದ. ಜನ ಬೆಚ್ಚಿದಷ್ಟೂ ಅವನ ಗಂಟಲು ಏರುತ್ತಿತ್ತು. ಕೊನೆಗೆ ಎಲ್ಲರನ್ನೂ ಮುಖ್ಯ ಗೇಟಿನ ಒಳಗಿನ ಕತ್ತಲೆ ಮೊಗಸಾಲೆಗೆ ತಂದು ಸಾಲಾಗಿ ನಿಲ್ಲಿಸಿದ. ಸೂರ್ಯ ಗೋಡೆಯಾಚೆ ಇಳಿದಿದ್ದ.

“ಇಲ್ಲಿ ತಲೆ ಎಣಿಸಬಾರದಂತೆ! ಎಣಿಸೋಣವಾ?”

“ಎಣಿಸಿ, ಎಣಿಸಿ!” ಎಂದರು ಆಫೀಸಿನವರು.

ಅವನು ಒಬ್ಬೊಬ್ಬರ ನೆತ್ತಿಯತ್ತ ಬೆರಳು ತೋರಿಸುತ್ತಾ, ನಾಟಕದ ರಾಜನ ಗತ್ತಿನಲ್ಲಿ ಎಣಿಸಿದ. ಹತ್ತು. ಹನ್ನೊಂದು. ಹನ್ನೆರಡು.

ಬೆರಳು ಇನ್ನೂ ಒಂದು ನೆತ್ತಿಯ ಮೇಲೆ ನಿಂತಿತ್ತು.

ಮತ್ತೆ ಎಣಿಸಿದ. ಹದಿಮೂರು. ಮೇಷ್ಟ್ರು ಎಣಿಸಿದರು. ಹದಿಮೂರು. ಯಾರೂ ನಗಲಿಲ್ಲ. ಬಾವಿಯ ಕಡೆಯಿಂದ ತಣ್ಣನೆ ಗಾಳಿ ಬಂತು, ಕೂದಲು ಸುಟ್ಟ ವಾಸನೆ ಹೊತ್ತು.

“ತಾತಾ, ಗೇಟು ತೆಗೀರಿ!”

ಹೊರಗೆ ಬೀಗದಲ್ಲಿ ಕೀಲಿ ತಿರುಗಿತು. ಅಗುಳಿ ಮಿಸುಕಲಿಲ್ಲ. ಗೇಟಿನ ಕಿಂಡಿಯಲ್ಲಿ ತಾತನ ಕಣ್ಣು ಕಂಡಿತು.

“ಎಣಿಸಿದ್ರಾ?”

“ಹದಿಮೂರು ಬಂತು ತಾತ,” ಎಂದ ಮೈಕು.

“ಕೇಳಿ ಸಾರ್. ಎಲ್ಲರೂ ಕೂತ್ಕೊಳ್ಳಿ. ಬೆಳಗಾಗೋತನಕ ಒಟ್ಟಿಗೇ ಇರಿ. ಬೆಳಕು ಬಿದ್ದರೆ ಅದು ತಾನಾಗಿ ಇಳಿದು ಹೋಗುತ್ತೆ, ಬಾಗಿಲೂ ತೆಗೆಯುತ್ತೆ. ಯಾರನ್ನೂ ಬೇರೆ ಮಾಡಬೇಡಿ. ನನ್ನ ಮಾತು ಕೇಳಿ.”

“ಬೆಳಗಿನವರೆಗಾ?” ಮದುವಣಗಿತ್ತಿ ಅಳತೊಡಗಿದಳು. “ನಿಮ್ಮ ಕಂಪನಿ ಮೇಲೆ ಕಂಪ್ಲೇಂಟ್ ಕೊಡ್ತೀವಿ,” ಎಂದ ಆಫೀಸಿನ ಒಬ್ಬ. “ಜಾಸ್ತಿ ಇರೋದನ್ನ ಖೈದಿ ಕೋಣೆ ಒಳಗೆ ಹಾಕಿ ಬಾಗಿಲು ಹಾಕಯ್ಯಾ, ನೀನೇ ತಾನೇ ಗೈಡು!” ಎಂದ ಇನ್ನೊಬ್ಬ.

ಈ ಕೆಲಸವೂ ಹೋಯಿತು ಅಂದುಕೊಂಡ ಮೈಕು. ತಾತನ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. “ನಿಮ್ಮ ನಿಮ್ಮವರ ಕೈ ಹಿಡ್ಕೊಳ್ಳಿ,” ಎಂದು ಕೂಗಿದ. ಗಂಡ ಹೆಂಡತಿಯ ಕೈ ಹಿಡಿದ. ಹುಡುಗಿಯರು ಮೂವರು. ಮೇಷ್ಟ್ರು, ಅವರ ಹೆಂಡತಿ. ಆಫೀಸಿನ ನಾಲ್ವರು. ಉಳಿದವರು ಇಬ್ಬರು ಹೆಂಗಸರು.

ಅವರ ಮುಖದ ಮೇಲೆ ಟಾರ್ಚ್ ಬೆಳಕು ಬಿಟ್ಟ. ಒಬ್ಬಳು ಅಕ್ಕ. ಅದೇ ಮುಖ, ಅದೇ ನಿದ್ದೆಗೆಟ್ಟ ಕಣ್ಣು, ಅವನನ್ನು ನೋಡಿ ಅದೇ ನಗು. ಅವನಿಗೆ ಜೀವ ಬಂದಂತಾಯಿತು. ಇನ್ನೊಬ್ಬಳ ಮುಖವನ್ನು ಅವನು ಹುಟ್ಟಿದಾಗಿನಿಂದ ಎಲ್ಲೂ ಕಂಡಿರಲಿಲ್ಲ.

“ಪುಟ್ಟಾ,” ಎಂದಳು ಆ ಗುರುತಿಲ್ಲದವಳು. “ಯಾಕೋ ಹಾಗೆ ನೋಡ್ತೀಯ?”

ಮೈಕು ಒಂದು ಹೆಜ್ಜೆ ಹಿಂದಕ್ಕೆ ಹಾರಿದ. “ನನ್ನ ಹೆಸರು ಹಿಡಿದು ಕರೆಯುತ್ತೆ ನೋಡಿ! ಇದೇ!”

“ಪುಟ್ಟಾ, ನಾನು ಕಣೋ! ನಿನ್ನ ಅಕ್ಕ! ಅವಳು ಯಾರೋ ಗೊತ್ತಿಲ್ಲ, ಆಗಿನಿಂದ ನನ್ನ ಪಕ್ಕ ನಿಂತಿದಾಳೆ, ಉಸಿರೇ ಆಡ್ತಿಲ್ಲ. ನಿನಗೆ ಮಾತ್ರೆ ನುಂಗೋಕೆ ಬರಲ್ಲ, ಇವತ್ತಿಗೂ ಬೆಲ್ಲದಲ್ಲಿ ಇಟ್ಟು ಕೊಡೋದು ನಾನೇ ಅಲ್ವೇನೋ?”

“ಎಲ್ಲಾ ತಿಳ್ಕೊಂಡಿದೆ,” ಎಂದು ಮೇಷ್ಟ್ರ ಹೆಂಡತಿ ಪಿಸುಗುಟ್ಟಿದರು. “ಇಂಥವು ಹಾಗೇನೇ.”

ಅವನು ಅವಳ ರಟ್ಟೆ ಹಿಡಿದ. ರಟ್ಟೆ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವನಿಗೆ ಗೊತ್ತಾಯಿತು ಕೂಡ. ಆದರೂ ಎಳೆದ. ಆಫೀಸಿನ ಇಬ್ಬರು ಕೈಗೂಡಿಸಿದರು. ಅವಳು ನೆಲಕ್ಕೆ ಕಾಲು ಊರಿದಳು. ಚಪ್ಪಲಿ ಕಳಚಿತು. ಕಂಬ ತಬ್ಬಿದಳು. ಬೆರಳು ಒಂದೊಂದಾಗಿ ಬಿಡಿಸಿದರು. ಮೊದಲ ಕೋಣೆ. ಕತ್ತಲು. ನೂಕಿದರು.

“ಪಾಪು ಕಾಯ್ತಿದಾಳೆ ಕಣೋ! ಪುಟ್ಟಾ! ನಿನ್ನ ದಮ್ಮಯ್ಯ ಕಣೋ, ಪಾಪು...”

ಬಾಗಿಲು. ಚಿಲಕ. ಸರಳಿನ ನಡುವೆ ಬಂದ ಬೆರಳನ್ನು ಅವನು ಟಾರ್ಚಿನಿಂದ ಹೊಡೆದ. ಒಂದು ಸಲ. ಇನ್ನೊಂದು ಸಲ. ಬೆರಳು ಒಳಗೆ ಹೋಯಿತು.

ಮೊಗಸಾಲೆಯಾಚೆ ಅಗುಳಿ ತಾನಾಗಿ ಜಾರಿತು, ಎಣ್ಣೆ ಹಾಕಿದ ಹಾಗೆ.

ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿದರು. ಅಕ್ಕ ಅವರ ಹಿಂದೆ ನಿಧಾನವಾಗಿ ನಡೆದು ರಸ್ತೆ ದಾಟಿದಳು. ಮೈಕು ಗೇಟಿನ ಕಂಬಕ್ಕೆ ಒರಗಿ ಏದುಸಿರು ಬಿಟ್ಟ. ಗೆದ್ದವನ ಹಾಗೆ ನಕ್ಕ. ಅವನ ಹಿಂದೆಯೇ ಗೇಟು ಮುಚ್ಚಿಕೊಂಡಿತು.

“ಒಳಗೆ ಯಾರನ್ನ ಬಿಟ್ರಿ?” ಎಂದ ತಾತ.

“ಅದನ್ನೇ ತಾತ. ದೆವ್ವಾನ. ನಾನೇ ಹುಡುಕಿದೆ, ನಾನೇ ಹಾಕಿದೆ. ನೀವು ಸುಮ್ಮನೆ ಹೆದರಿಸಿದ್ರಿ.”

“ಮಾತಾಡಿತಾ?”

“ಏನು ಮಾತಂತೀರಿ! ಬೇಡಿಕೊಂಡಿತು, ದಮ್ಮಯ್ಯ ಅಂತು. ನನ್ನ ಅಕ್ಕನ ಥರಾನೇ.”

“ಅತ್ತಿತಾ?”

“ಅಯ್ಯೋ, ಅತ್ತಿದ್ದೇ ಅತ್ತಿದ್ದು. ಈಗಲೂ ಅಳ್ತಿದೆ, ಕೇಳಿ ಬೇಕಾದ್ರೆ.”

ತಾತ ಕಿವಿಗೊಟ್ಟ. ಗೇಟಿನೊಳಗಿಂದ ಅಳು ಸಣ್ಣಗೆ ಬರುತ್ತಿತ್ತು.

“ಅವು ಅಳಲ್ಲ ಸಾರ್,” ಎಂದ. “ನಲವತ್ತು ವರ್ಷ ನೋಡಿದೀನಿ. ಮುಖ ಅದಲುಬದಲು ಮಾಡ್ತವೆ, ನಗ್ತವೆ, ಸುಮ್ಮನಿರ್ತವೆ. ಅವು ಅಳಲ್ಲ.”

ಮೈಕು ಗೇಟಿಗೆ ಕಿವಿಯಿಟ್ಟ. ಒಳಗಿನ ಅಳುವಿನ ಗುರುತು ಈಗ ಅವನಿಗೆ ಸಿಕ್ಕಿತು. ಜ್ವರದಲ್ಲಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಅತ್ತ ಅಕ್ಕನ ದನಿ. ಗೇಟು ತಳ್ಳಿದ, ಅದು ಗೋಡೆಯಂತೆ ನಿಂತಿತ್ತು. ತಾತ ಕೀಲಿ ಹಾಕಿ ತಿರುಗಿಸಿದ. ತಿರುಗಿತು, ಮತ್ತೆ ತಿರುಗಿತು, ಅಗುಳಿ ಅಲುಗಲಿಲ್ಲ. “ಇನ್ನು ಬೆಳಕು ಬೀಳಬೇಕು,” ಎಂದು ತಾತ ಅವನ ಮುಖ ನೋಡದೆ ಹೇಳಿದ. “ಅಷ್ಟರೊಳಗೆ ಹಿಂದುಗಡೆ ಸ್ಮಶಾನದಲ್ಲಿ ಒಂದು ಕಲ್ಲು ಹೆಚ್ಚಾಗಿರುತ್ತೆ.”

ಮೈಕು ಸರಕ್ಕನೆ ರಸ್ತೆಯತ್ತ ತಿರುಗಿದ. ಭಾವ ಎಂಜಿನ್ ಶುರುಮಾಡಿ, ಮೊಬೈಲ್ ನೋಡುತ್ತಾ ಕೂತಿದ್ದ. ಹಿಂದಿನ ಬಾಗಿಲು ತೆರೆದಿತ್ತು. ಅವಳು ಬಗ್ಗಿ ಒಳಗೆ ಹೋಗುತ್ತಿದ್ದಳು. ಪಾಪು ಎರಡೂ ಕೈ ಚಾಚಿತ್ತು.

ಒಳಗೆ ಅಕ್ಕ, ಹೊರಗೆ ಪಾಪು. ಅವನ ಕಾಲು ಎರಡು ಕಡೆಗೂ ಎಳೆದು ಎಲ್ಲಿಗೂ ಹೋಗಲಿಲ್ಲ.

“ಭಾವಾ!”

ಆ ದೊಡ್ಡ ಗಂಟಲಿನಿಂದ ಬಂದದ್ದು ಗಾಳಿ ಮಾತ್ರ. ಕಾರಿನ ಬಾಗಿಲು ಮೆತ್ತಗೆ ಮುಚ್ಚಿತು. ಬಲಗಡೆಯ ಹಳದಿ ದೀಪ ಮೂರು ಸಲ ಮಿಣುಕಿತು, ಕಾರು ಸಂಜೆಯ ಗಾಡಿಗಳ ಸಾಲಿನೊಳಗೆ ಸೇರಿಕೊಂಡಿತು.