ಹಿಂದಿನ ಸೀಟಿನವನು

"ಕೈ ತೆಗೀರಿ! ನಾಚಿಕೆ ಆಗಲ್ವಾ ನಿಮಗೆ?"

ಸಂಘಮಿತ್ರಾ ಕಿರುಚಿದ ರಭಸಕ್ಕೆ ವಿಮಾನದಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

ಹಿಂದಿನ ಸೀಟಿನ ಎತ್ತರದ ಯುವಕ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಮುಖ ಕಪ್ಪಿಟ್ಟಿತು.

ಹಾಸನದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಸಂಘಮಿತ್ರಾ, ಅಪ್ಪ ಬೋರಪ್ಪನಿಗೆ ನಾಗಪುರದಲ್ಲಿರುವ ಬೌದ್ಧರ ಯಾತ್ರಾಸ್ಥಳ ದೀಕ್ಷಾಭೂಮಿ ತೋರಿಸಿಕೊಂಡು ಬರುತ್ತಿದ್ದಳು. ಅಲ್ಲಿನ ಜನಜಂಗುಳಿಯಲ್ಲಿ ಬರೀ ನೆಲದ ಮೇಲೆ ಮಲಗಿ ಸೊಂಟ ಹಿಡಿದುಕೊಂಡಿತ್ತು. ವಿಮಾನ ಮೇಲೇರಿದ್ದೇ ತಡ, ಗುಂಡಿ ಒತ್ತಿ ಸೀಟನ್ನು ದಬಕ್ಕನೆ ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದ್ದಳು. ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ, ಅವನಿಗೂ ಎರಡು ಮಂಡಿಗಳಿವೆ ಎಂಬುದು ಮಹಾರಾಯ್ತಿಯ ತಲೆಗೆ ಹೊಳೆಯಲೇ ಇಲ್ಲ ನೋಡಿ!

ಸ್ವಲ್ಪ ಹೊತ್ತಿಗೆ ಭುಜದ ಮೇಲೆ ಯಾರದೋ ಬೆರಳು! ಕಿರುಚದೆ ಇನ್ನೇನು ಮಾಡಿಯಾಳು?

ಗಗನಸಖಿ ಓಡಿ ಬಂದು ಏನಾಯಿತೆಂದು ಕೇಳಿದಳು. ಯುವಕ ತಲೆ ಎತ್ತಲಿಲ್ಲ. ಅವನನ್ನು ಎಬ್ಬಿಸಿ, ಒರಗಲೂ ಬಾರದ ಕಟ್ಟಕಡೆಯ ಸೀಟಿಗೆ ಕಳಿಸಿದಳು. ಎಲ್ಲರೂ ಕಳ್ಳನನ್ನು ನೋಡುವಂತೆ ನೋಡುತ್ತಿದ್ದರೆ ಅವನು ಕುಂಟುತ್ತಾ ನಡೆದು ಹೋದ.

"ಎಂಥಾ ಕೆಲ್ಸ ಮಾಡ್ಬುಟ್ಟೆ ಮಗಾ," ಬೋರಪ್ಪ ಮೆಲ್ಲಗೆ ಹೇಳಿದ. "ನೀನು ಸೀಟು ತಳ್ದಾಗ ಅವನ ಮಂಡಿ ಸಿಕ್ಕಾಕ್ಕಂತು. ಕಾಲು ಎಳ್ಕಳಕ್ಕೋಗಿ ನಿನ್ನ ಕಾಲಿನ ಇಮ್ಮಡಿಗೆ ತಗುಲ್ಸ್ಬುಟ್ಟ. ಅದ್ಕೇ ನಿನ್ನ ಮುಟ್ಟಿ ಕಣ್ಗೊತ್ಕಳಕ್ಕೆ ಬಂದ ಕಣವ್ವಾ. ನಾನು ತಿರುಗಿ ನೋಡ್ತಾನೇ ಇದ್ದೆ."

"ಅಯ್ಯೋ... ಮೊದ್ಲೇ ಹೇಳ್ಬಾರ್ದಾ ಅಪ್ಪಾ?"

"ಏಳಕ್ಕೆ ಬಿಟ್ಯಾ ನೀನು? ನಾನು ಬಾಯಿ ತೆಗ್ಯೋದ್ರೊಳ್ಗೆ ಇಮಾನವೇ ಎದ್ದು ಕುಂತಿತ್ತು!"

ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ಊರು ಹರದನಹಳ್ಳಿಯ ಎಳೆ ಮಕ್ಕಳಿಗೂ ಗೊತ್ತು. 'ಅಂಥವನನ್ನು ಊರೆದುರು ಕೆಟ್ಟವನನ್ನಾಗಿ ಮಾಡಿದೆನಲ್ಲ!' ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ?

ಬೆಂಗಳೂರಿನಲ್ಲಿ ಇಳಿದು, ಬ್ಯಾಗು ಬರುವ ಕಡೆ ಅವನಿಗಾಗಿ ಕಾದು ನಿಂತಳು.

"ಕ್ಷಮಿಸಿ... ಸೀಟು ಹಿಂದಕ್ಕೆ ತಳ್ಳೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೂ ಪರವಾಗಿಲ್ಲ ಅಂತಲೇ ಅಂತಿದ್ದೆ ಬಿಡಿ."

"ಮಂಡಿ ಚಚ್ಚಿಹೋದ್ರೂ?"

"ಚಚ್ಚಿಹೋದ್ರೂ," ಎಂದು ಅವನು ನಕ್ಕುಬಿಟ್ಟ.

ಆ ನಗುವಿಗೆ ಅವಳು ಸೋತಳು. ಹೆಸರು ಸಿದ್ದೇಶ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಎಂದು ತಿಳಿಯಿತು. ಊರ ಬಸ್ಸಿನಲ್ಲಿ ಮೂವರೂ ಒಟ್ಟಿಗೇ ಬಂದರು. ಬೋರಪ್ಪ ನಿದ್ದೆ ಹೋದ. ಇವರಿಬ್ಬರ ಮಾತು ಮುಗಿಯಲಿಲ್ಲ.

ಆಮೇಲೆ ಸಿದ್ದೇಶನಿಗೆ ಹಾಸನದಲ್ಲಿ ವಾರವಾರವೂ ಏನಾದರೊಂದು ಕೆಲಸ ಹುಟ್ಟಿಕೊಳ್ಳತೊಡಗಿತು! ಪ್ರೀತಿಯನ್ನು ಮೊದಲು ಬಾಯಿಬಿಟ್ಟು ಹೇಳಿದ್ದು ಅವಳೇ. "ನಂಗೂ..." ಎನ್ನುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು.

ಆದರೆ ಅವನ ಮನೆ? ದಿನಾ ಲಿಂಗಪೂಜೆ ನಡೆಯುವ ಮನೆ. ಅವನ ತಾಯಿ ಪ್ರೇಮಕುಮಾರಿಗೆ ಬೋರಪ್ಪನ ಕೇರಿಯ ನೀರೂ ಆಗದು. ಸಂಘಮಿತ್ರಾಳಿಗೆ ಇದೆಲ್ಲ ಗೊತ್ತಿತ್ತು. ಅವಳು ಬೇಡಿದ್ದು ಒಂದೇ... ಅವನು ಒಮ್ಮೆ ಮನೆಯಲ್ಲಿ ಬಾಯಿಬಿಡಲಿ.

"ಹೇಳ್ತೀನಿ, ಹಬ್ಬ ಕಳೀಲಿ," ಎಂದ. ಹಬ್ಬ ಕಳೆಯಿತು. "ತಂಗಿ ತೇಜಶ್ರೀಗೆ ಗಂಡು ನೋಡ್ತಿದ್ದಾರೆ, ಅದೊಂದು ಮುಗೀಲಿ," ಎಂದ.

ಕೊನೆಗೊಂದು ದಿನ ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ವಿಮಾನದಲ್ಲಿ ನೋವಾದ್ರೂ ಸುಮ್ನಿದ್ರಿ. ಅದು ನಿಮ್ಮ ಮಂಡಿ, ನಿಮ್ಮಿಷ್ಟ. ಈಗ ನೋಯ್ತಿರೋದು ನಾನು! ನನ್ನ ನೋವಿಗೂ ನೀವೇ ಪರವಾಗಿಲ್ಲ ಅಂದ್ಕೊಂಡ್ರೆ ಹೆಂಗೆ?"

ಅವನು ನೆಲ ನೋಡಿದ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತೇ ಆಡದವನೊಂದಿಗೆ ಜಗಳವಾಡುವುದಾದರೂ ಹೇಗೆ? ಅವಳು ರಾಯಚೂರಿಗೆ ವರ್ಗ ಕೇಳಿ ಬರೆದುಕೊಟ್ಟಳು. ಅವನ ಫೋನ್ ಎತ್ತುವುದನ್ನೂ ಬಿಟ್ಟಳು.

ವರ್ಗದ ಆದೇಶ ಬಂತು. ಹೊರಡುವ ಹಿಂದಿನ ದಿನ, ಮಟಮಟ ಮಧ್ಯಾಹ್ನ, ಸಿದ್ದೇಶ ಹರದನಹಳ್ಳಿಯ ಅವಳ ಮನೆ ಮುಂದೆ ಬಂದು ನಿಂತ. ಅಷ್ಟು ದಿನ ಊರ ಹೊರಗೇ ಅವಳನ್ನು ಇಳಿಸಿ ಹೋಗುತ್ತಿದ್ದವನು! ಎದುರು ಮನೆಯ ಮಾಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡಿದಳು.

"ಹೇಳ್ದೆ ಮಿತ್ರಾ," ಎಂದ ಸಿದ್ದೇಶ, ಗಟ್ಟಿಯಾಗಿ, ಬೀದಿಯಲ್ಲೇ. "ಮನೆಮಂದಿಯೆಲ್ಲಾ ಇದ್ದಾಗಲೇ ಹೇಳ್ದೆ. ಅವಳನ್ನ ಬಿಟ್ಟು ಬೇರೆ ಯಾರ್ನೂ ಕಟ್ಕಳಲ್ಲ ಅಂದೆ."

ಸಂಘಮಿತ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನಂದ್ರು?"

"ನಾನು ಸತ್ತ ಮೇಲೆ ಕಟ್ಕೋ ಅಂದ್ರು ಅಮ್ಮ. ಆಮೇಲೆ ನನ್ನ ಜೊತೆ ಮಾತಿಲ್ಲ. ಸುದ್ದಿ ಹೋಗಿ ತೇಜಶ್ರೀಗೆ ಬಂದಿದ್ದ ಗಂಡಿನೋರೂ ಬೇಡ ಅಂದ್ರು. ಅವಳು ಅಳ್ತಾ ಕೂತವಳೆ."

"ಮುಂದೆ?"

"ದಾರಿ ಕಾಣ್ತಿಲ್ಲ. ನಿನ್ನ ಹತ್ರ ಸುಳ್ಳು ಹೇಳಲ್ಲ."

ಅವಳಿಗೂ ಕಾಣಲಿಲ್ಲ. ಒಬ್ಬ ತಾಯಿಯ ಶಾಪ, ಒಬ್ಬ ತಂಗಿಯ ಕಣ್ಣೀರು... ಅವನ್ನು ತುಳಿದುಕೊಂಡು ಹೋಗಿ ಯಾವ ಸುಖ? ಆದರೂ ಅವನು ಹೇಳಿದ್ದ. ತನ್ನ ಹೆಸರನ್ನು ಆ ಮನೆಯಲ್ಲಿ ಎಲ್ಲರೆದುರು ಹೇಳಿದ್ದ. ಅವಳು ಬಾಯಿಗೆ ಸೆರಗೊತ್ತಿಕೊಂಡು ಅತ್ತಳು.

ಜಗಲಿಯ ಮೇಲಿದ್ದ ಬೋರಪ್ಪ ಎದ್ದ. "ಕೈಕಾಲು ತೊಳ್ಕಂಡು ಬಾರಪ್ಪಾ. ಮಕ ನೋಡುದ್ರೆ ಉಂಡಂಗೇ ಕಾಣಾಕಿಲ್ಲ."

ಮಾಯಮ್ಮನ ಕೈಲಿದ್ದ ಸೊಪ್ಪು ಕೈಲೇ ಉಳಿಯಿತು. ಸಿದ್ದೇಶನ ಜಾತಿಯವರು ಈ ಕೇರಿಯಲ್ಲಿ ಉಂಡದ್ದನ್ನು ಅವಳು ಕಂಡವಳಲ್ಲ.

ಸಿದ್ದೇಶ ಕೈ ತೊಳೆದು ಬಂದು ಬೋರಪ್ಪನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಸಂಘಮಿತ್ರಾ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಬಿಟ್ಟಳು. ಮೂಲೆಯಲ್ಲಿ ನಾಳೆಯ ಸೂಟ್‌ಕೇಸು ಸಜ್ಜಾಗಿ ನಿಂತಿತ್ತು.

"ನಾಳೆ ನಿನ್ನ ಬಸ್ ಹತ್ತಿಸಕ್ಕೆ ಹಾಸನದ ಬಸ್ ಸ್ಟ್ಯಾಂಡಿಗೆ ಬರ್ತೀನಿ," ಎಂದ ಸಿದ್ದೇಶ.

"ಬೇಡ. ನಿಮ್ಮೋರು ಯಾರಾದ್ರೂ ನೋಡ್ತಾರೆ."

"ನೋಡ್ಲಿ. ನೋಡ್ಲಿ ಅಂತಲೇ ಬರ್ತೀನಿ ಕಣೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಮೊದ್ಲು ಉಣ್ಣಿ, ಮುದ್ದೆ ಆರೋಗ್ತದೆ," ಎಂದು ಇನ್ನೊಂದು ಸೌಟು ಸಾರು ಬಿಟ್ಟಳು.