ಬೆನ್ನ ಹಿಂದಿನ ಗುನುಗು

"ಹಾಡು ಚೆನ್ನಾಗಿದೆ. ಆದ್ರೆ ಇದು ಬೇಡ."

ತಂಡಕ್ಕೆ ಹೊಸದಾಗಿ ಸೇರಿದ ಬೀಗದಂಗಡಿಯವನು ಮೊದಲ ದಿನವೇ ಹೀಗೆಂದಾಗ ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೇಡವಂತೆ! ಅದು ಅವಳ ಅಜ್ಜಿಯ ದೋಣಿ ಹಾಡು...

ಅವರದು ವಾದ್ಯವೇ ಇಲ್ಲದ ತಂಡ. ಹನ್ನೆರಡು ಗಂಟಲು, ಇಪ್ಪತ್ನಾಲ್ಕು ಅಂಗೈ, ಅಷ್ಟೇ. ಎರಡು ವಾರ ಬಿಟ್ಟು ಬರುವ ಭಾನುವಾರದ ಪ್ರದರ್ಶನಕ್ಕೆ, ಕೇಳಿದವರು ಎದ್ದು ನಿಲ್ಲುವಂಥ ಐದು ಜನಪದ ಹಾಡು ಆರಿಸಬೇಕಿತ್ತು. ನಾಲ್ಕು ಸಲೀಸಾಗಿ ಸಿಕ್ಕವು. ಐದನೆಯದಾಗಿ ಅವಳು ತಂದ ಈ ದೋಣಿ ಹಾಡೇ ಕಗ್ಗಂಟಾಯಿತು.

ಅವಳು ತೀರಾ ಮೇಲಿನ ಶ್ರುತಿಯಲ್ಲಿ ಶುರು ಮಾಡುತ್ತಾಳೆ, ಮೂರನೇ ನುಡಿ ಬರುವಷ್ಟರಲ್ಲಿ ಎಲ್ಲರ ಗಂಟಲೂ ಕೈಕೊಡುತ್ತದೆ ಎಂಬುದು ಅವನ ತಕರಾರು.

"ಅಜ್ಜಿ ಹೋದ್ಮೇಲೆ ಇದನ್ನ ಹಾಡೋಳು ನಾನೊಬ್ಬಳೇ. ನನ್ನ ಜೊತೆಗೇ ಮುಗಿದುಹೋಗ್ಬೇಕಾ?" ಅವಳು ಕೇಳಿದಳು.

"ಸರಿ, ಹಾಡೋಣ," ಎಂದು ಅವನು ಬಂದು ಅವಳ ಹಿಂದೆ ನಿಂತ.

ಆಮೇಲೆ ಎರಡು ವಾರ ಆ ಹಾಡು ನೀರು ಕುಡಿದಷ್ಟು ಸುಲಭವಾಗಿ ಬಂತು. 'ನೋಡಿದ್ಯಾ, ಮಹಾ ಪಂಡಿತ!' ಎಂದು ಅವಳು ಒಳಗೊಳಗೇ ಹಿಗ್ಗಿದಳು. ಆದರೆ ಅವನು ಬೆನ್ನ ಹಿಂದೆ ನಿಂತರೆ ಎದೆ ಡವಡವ ಎನ್ನುವುದೇಕೋ... ಆ ತಳಮಳಕ್ಕೆ ಹೆದರಿಯೇ, ಶುಕ್ರವಾರ ಎತ್ತರದವರೆಲ್ಲ ಕೊನೆಯ ಸಾಲಿಗೆ ಹೋಗಲಿ ಎಂದು ನೆಪ ಹೂಡಿ ಅವನನ್ನು ದೂರ ಕಳಿಸಿದಳು.

ಅಂದೇ ಹಾಡು ಕೆಟ್ಟಿತು. ಮೂರನೇ ನುಡಿಗೆ ಹನ್ನೆರಡು ಗಂಟಲೂ ಕಿರುಚಿಕೊಂಡವು. ಇದನ್ನು ಕೈಬಿಡೋಣ ಎಂದು ಎಲ್ಲರೂ ಗೊಣಗಿದರು. ಅವಳ ಕಣ್ಣು ತುಂಬಿ ಬಂತು.

ತಂಡದಲ್ಲೇ ಹಾಡುತ್ತಿದ್ದ ಅತ್ತಿಗೆ ಅವಳನ್ನು ಪಕ್ಕಕ್ಕೆ ಕರೆದಳು. "ಶ್ರುತಿ ನಿಂದು ಅಂದ್ಕೊಂಡಿದ್ಯಾ? ನೀನು ಬಾಯಿ ತೆಗೆಯೋ ಮುಂಚೆ ದಿನಾ ಅವನು ಹಿಂದಿನಿಂದ ಮೆಲ್ಲಗೆ ತಗ್ಗಿನ ಶ್ರುತಿ ಗುನುಗ್ತಿದ್ದ ಕಣೇ. ನಿನ್ನ ಕಿವಿ ಅದನ್ನೇ ಹಿಡೀತಿತ್ತು."

ಶನಿವಾರ ಬೆಳಿಗ್ಗೆ ಅವಳು ಬೀಗದಂಗಡಿಯ ಮುಂದೆ ನಿಂತಿದ್ದಳು. ಕೀಲಿಗೆ ಅರ ಉಜ್ಜುತ್ತಿದ್ದ ಅವನು ಕೈ ನಿಲ್ಲಿಸಿದ.

"ಯಾಕೆ ಹೇಳ್ಲಿಲ್ಲ?"

"ಅಜ್ಜಿ ಹಾಡು ಪೂರ್ತಿ ನಿಮ್ದೇ ಆಗಿರ್ಲಿ ಅಂತ."

"ದೂರ ಕಳಿಸಿದ್ದು ತಪ್ಪಾಯ್ತು. ವಾಪಸ್ ಬನ್ನಿ," ಎಂದಳು.

"ಭಾನುವಾರ ಮುಗಿಯೋವರೆಗಾ?"

"ಅಷ್ಟಕ್ಕೇ ಆಗಿದ್ರೆ ಅತ್ತಿಗೆನ ಕಳಿಸ್ತಿದ್ದೆ..."

ಅವನು ನಕ್ಕ. ಕೈ ಒರೆಸಿಕೊಂಡು ಹೊರಗೆ ಬಂದು, ಅವಳ ಪಕ್ಕದಲ್ಲಿ ನಿಂತು ಮೆಲ್ಲಗೆ ಗುನುಗಿದ. ಈ ಸಲ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅದೇ ಶ್ರುತಿ ಹಿಡಿದು ಅಜ್ಜಿಯ ಹಾಡನ್ನು ಎತ್ತಿಕೊಂಡಳು. ಅಭ್ಯಾಸದ ಕೋಣೆಯತ್ತ ಇಬ್ಬರೂ ಹಾಡುತ್ತಲೇ ಹೊರಟರು.

ನಾಲ್ಕು ಹೆಜ್ಜೆ ಹೋದಮೇಲೆ ಅವಳು ನಿಂತು ತಿರುಗಿ ನೋಡಿದಳು. "ಅಲ್ಲಾ, ನಿಮ್ಮ ಅಂಗಡಿಗೆ ಬೀಗ?"

"ಅಯ್ಯೋ, ಮರೆತೇಹೋಯ್ತು. ನೀವಿದ್ದೀರಲ್ಲ, ಇನ್ಮೇಲೆ ನೆನಪಿಸಿ."

"ದಿನಾ ನೆನಪಿಸ್ತೀನಿ."